ಹಸಿ ಕಲ್ಲು

ಐದನೆಯ ಸಲ ಕಲ್ಲಿನ ಮೇಲೆ ಜಾಯಿಕಾಯಿ ತಿರುಗಿದ ಸದ್ದು ಕೇಳಿ ಪದ್ಮಶ್ರೀ ಹಾಸಿಗೆಯಲ್ಲಿ ಎದ್ದು ಕೂತಳು. ಒಂದೇ ಸುತ್ತು ಆಗಬೇಕಿತ್ತು. ಒಂದೂವರೆ ತಿಂಗಳ ಕೂಸಿಗೆ ಬಜೆ ಮೂರು ಸುತ್ತು, ಅರಿಷಿಣದ ಕೊಂಬು ಐದು, ಅಳಲೆಕಾಯಿ ಎರಡು, ಜಾಯಿಕಾಯಿ ಮಾತ್ರ ಒಂದೇ ಒಂದು. ಹೆಚ್ಚಾದರೆ ಕೂಸಿಗೆ ಮಂಪರು ಹತ್ತುತ್ತದೆ. ಹಾಗೆಂದು ಹೇಳಿಕೊಟ್ಟವಳು ಗಂಗಾಬಾಯಿ ಅಜ್ಜಿ. ಬಾಗಿಲಾಚೆ ಪಡಸಾಲೆಯಲ್ಲಿ ಈಗ ತೇಯುತ್ತಿದ್ದವಳೂ ಅವಳೇ.

ಅರಿಷಿಣವೇ ಇರಬಹುದೆ? ಅರಿಷಿಣದ ಕೊಂಬು ಕಲ್ಲಿಗೆ ಕರಕರ ಎನ್ನುತ್ತದೆ. ಇದು ನುಣ್ಣಗಿತ್ತು. ಆದರೆ ಎದುರು ಮನೆಯ ಮಹಮ್ಮದಸಾಬರ ಮಗ್ಗ ಬೆಳಗಿನಿಂದ ಖಟ್ ಖಟ್ ಎಂದು ಬಡಿದುಕೊಳ್ಳುತ್ತಿತ್ತು. ಅದರ ನಡುವೆ ಕೇಳಿದ್ದನ್ನು ಆಣೆ ಮಾಡಿ ಹೇಳುವಂತಿರಲಿಲ್ಲ.

"ಅಜ್ಜೀ," ಎಂದಳು.

ಉತ್ತರ ಬರಲಿಲ್ಲ. ಬರುವುದೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅಜ್ಜಿ ಸುತ್ತುಗಳನ್ನು ಒಂದು, ಎರಡು ಎಂದು ಎಣಿಸುತ್ತಿರಲಿಲ್ಲ. ಒಂದು ಸುತ್ತಿಗೆ ದೇವರ ಒಂದು ಹೆಸರು. ಕೇಶವ, ನಾರಾಯಣ, ಮಾಧವ ಎಂದು ಮನಸ್ಸಿನಲ್ಲೇ. ಹೆಸರು ಬಾಯಲ್ಲಿದ್ದಾಗ ಬೇರೆ ಮಾತಿಲ್ಲ. ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿದರೆ ಕಲ್ಲು ತೊಳೆದು ಮೊದಲಿಂದ ಶುರು. ಈ ಮನೆಯಲ್ಲಿ ಎಲ್ಲರೂ ಆ ಮೌನಕ್ಕೆ ದಾರಿ ಬಿಟ್ಟು ನಡೆಯುವುದನ್ನು ಕಲಿತಿದ್ದರು.

ಸ್ವಲ್ಪ ಹೊತ್ತಿಗೆ ಅಜ್ಜಿ ಬೆಳ್ಳಿಯ ಒಳಲೆ ಹಿಡಿದು ಬಂದಳು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಗಲ್ಲ ಒತ್ತಿ, ಕಂದು ನೀರನ್ನು ಹನಿಹನಿಯಾಗಿ ಬಿಟ್ಟಳು. ಕೂಸು ಮುಖ ಕಿವುಚಿತು.

"ಯಾಕ ಕರದಿ?"

"ಏನಿಲ್ಲಜ್ಜಿ."

"ಏನಿಲ್ಲಂದ್ರ ಕರದದ್ಯಾಕ? ಇಷ್ಟ ಓದೀದಿ, ಕಲ್ಲಿನ ಮುಂದ ಕೂತಾಗ ಮಾತಾಡಸಬಾರದು ಅಂತ ತಿಳೀವಲ್ದು?"

ಪದ್ಮಶ್ರೀ ನಕ್ಕಳು. ಆ ದಿನ ಕೂಸು ಮೂರು ಗಂಟೆ ಮಲಗಿತು. ಅವಳು ಮೂರು ಗಂಟೆಯೂ ಅದರ ಎದೆ ಏರಿಳಿಯುವುದನ್ನು ನೋಡುತ್ತ ಕೂತಳು.

ಹೆರಿಗೆಗೆಂದು ನರಗುಂದದಿಂದ ಗಜೇಂದ್ರಗಡದ ತವರಿಗೆ ಬಂದಾಗ ಅವಳಿಗೆ ಯಾವ ಅಂಜಿಕೆಯೂ ಇರಲಿಲ್ಲ. ಅವ್ವ ಯಾವಗಲ್ಲಿನ ಸಾಲೆಯಲ್ಲಿ ಮಾಸ್ತರಿಣಿ. ಬೆಳಗಿನ ಬಸ್ಸು ಹಿಡಿದರೆ ಬರುವುದು ಸಂಜೆಗೇ. ಅಪ್ಪ ಗುರುರಾಜನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿ. ಬಾಣಂತನವೆಲ್ಲ ಅಜ್ಜಿಯ ಕೈಯಲ್ಲಿ. ಎಪ್ಪತ್ತೆಂಟರ ಅಜ್ಜಿ ಅದನ್ನು ಸಂಸ್ಥಾನ ಆಳುವಂತೆ ಆಳುತ್ತಿದ್ದಳು. ಉಳ್ಳಾಗಡ್ಡಿ ಬಳ್ಳೊಳ್ಳಿ ಹೊಸ್ತಿಲು ದಾಟದ ಮನೆ. ಆದರೆ ಬಾಣಂತಿಗೆಂದು ಬೇರೆ ಬುಟ್ಟಿ, ಬೇರೆ ಬಾಣಲೆ. ಅದರಲ್ಲಿ ಬಳ್ಳೊಳ್ಳಿಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಬಿಸಿ ಅನ್ನಕ್ಕೆ ಮೆಂತೆಹಿಟ್ಟು ಕಲಸಿ ಬಡಿಸುತ್ತಿದ್ದಳು. ಸಂಜೆಗೆ ಅಳವಿ ಬೀಜದ ಪಾಯಸ. ಮೆಣಸು ಜೀರಿಗೆ ಕುಟ್ಟಿ ಹಾಕಿದ ಸಾರು ಬಾಯಿಗಿಟ್ಟರೆ ಮೂಗಿನಲ್ಲಿ ನೀರು, ಹೊಟ್ಟೆಯಲ್ಲಿ ಬೆಚ್ಚಗೆ. ಓಣಿಯ ಕೂಸುಗಳಿಗೆ ಹೊಟ್ಟೆ ಉಬ್ಬಿದರೂ, ಕೆಮ್ಮು ಕಟ್ಟಿದರೂ ಮೊದಲು ಇದೇ ಬಾಗಿಲು. "ಗಂಗಾಬಾಯಾರ ಕೈ ಅಂದ್ರ ತಕ್ಕಡಿ" ಎಂದು ಮಹಮ್ಮದಸಾಬ ಹೇಳುತ್ತಿದ್ದ. ಅವನ ಮೂರು ಮಕ್ಕಳೂ ಇದೇ ಕಲ್ಲಿನ ನೀರು ಕುಡಿದು ಬೆಳೆದಿದ್ದರು.

ಅಂಜಿಕೆ ಹತ್ತಿದ್ದು ಸಾರಿನಿಂದ. ಒಂದು ದಿನ ಉಪ್ಪು ಎರಡು ಸಲ ಬಿದ್ದಿತ್ತು. ಪದ್ಮಶ್ರೀ ಸುಮ್ಮನೆ ತುಪ್ಪ ಹೆಚ್ಚು ಹಾಕಿಸಿಕೊಂಡು ಉಂಡಳು. ಇನ್ನೊಂದು ದಿನ, ಎರೆಯಲು ಬರುವ ಮಾಳವ್ವ ಕೂಸಿಗೂ ಬಾಣಂತಿಗೂ ಎರೆದು ಹೋದ ಅರ್ಧ ಗಂಟೆಗೆ, "ಮಾಳವ್ವ ಇನ್ನೂ ಬರಲಿಲ್ಲಲ್ಲ?" ಎಂದು ಅಜ್ಜಿ ಬಾಗಿಲಿಗೆ ಹೋಗಿ ನಿಂತಿದ್ದಳು. ಪದ್ಮಶ್ರೀ, "ಬಂದ ಹೋದ್ಲಜ್ಜಿ," ಎಂದಾಗ, "ಗೊತ್ತದ, ಮತ್ತ ಬರ್ತೀನಂದಿದ್ಲು," ಎಂದು ಅಜ್ಜಿ ಒಳಗೆ ಬಂದಳು. ಮಾಳವ್ವ ಹಾಗೇನೂ ಅಂದಿರಲಿಲ್ಲ.

ಅವ್ವನಿಗೆ ಹೇಳಬೇಕೆಂದು ಎರಡು ಸಂಜೆ ಬಾಯಿ ತೆರೆದಳು. ಬಸ್ಸಿನಲ್ಲಿ ನಿಂತು ಬಂದ ಅವ್ವ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಹೇಳಿದರೆ ಅವ್ವ ಅಪ್ಪನಿಗೆ ಹೇಳುತ್ತಾಳೆ. ಅಪ್ಪ ಅಜ್ಜಿಗೆ ಹೇಳುತ್ತಾನೆ, ಅದೂ ಊಟಕ್ಕೆ ಕೂತಾಗ, ಜೋರಾಗಿ. ಅಲ್ಲಿಂದ ಮುಂದೆ ಅಜ್ಜಿಗೆ ಈ ಮನೆಯಲ್ಲಿ ಮಾಡಲು ಏನು ಉಳಿಯುತ್ತದೆ? ಯೋಚಿಸುತ್ತ ಅವಳು ಬಾಣಂತಿ ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕೋಣೆಗೆ ತಿರುಗುತ್ತಿದ್ದಳು. ಕೂತರೆ ನಿಲ್ಲಬೇಕು, ನಿಂತರೆ ಕೂಡಬೇಕು.

"ಯವ್ವಾ, ಬಾಣಂತಿ ಹಿಂಗ ಗಾಣದೆತ್ತಿನಂಗ ತಿರಗಿದ್ರ ನಾಳೆ ಸೊಂಟ ಹಿಡೀತೈತಿ ನೋಡು," ಎಂದು ಮಾಳವ್ವ ಬೈದಳು. "ಏನ್ ಹುಡಕಾಕತ್ತಿ ಹಂಗ? ಕಳಕೊಂಡಿಯೇನ?"

"ಏನೂ ಇಲ್ಲ ಮಾಳವ್ವ."

"ಕಲತವರದು ಇದಽ ಹಣೆಬಾರ. ಏನೂ ಇಲ್ಲಂದ್ರೂ ತಿರಗತಾವ."

ಐದು ಸುತ್ತು ಕೇಳಿದ ಮರುದಿನ, ಸೋಮವಾರ, ಪದ್ಮಶ್ರೀ ಒಂದು ನಿರ್ಧಾರಕ್ಕೆ ಬಂದಳು. ಯಾರಿಗೂ ಹೇಳಬೇಕಿಲ್ಲ. ತಾನೇ ತೇದು ಕುಡಿಸಿಬಿಟ್ಟರೆ ಮುಗಿಯಿತು. 'ನಾನೂ ಕಲೀಬೇಕಲ್ಲ ಅಜ್ಜಿ, ಇನ್ಮ್ಯಾಲ ನಾನಽ ಮಾಡ್ತೀನಿ' ಎಂದರೆ ಅಜ್ಜಿಗೂ ಹಿತವಾಗುತ್ತದೆ.

ಮಾಳವ್ವ ಕೂಸಿಗೆ ಎರೆದು, ಲೋಬಾನದ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಳು. "ಬೆಣ್ಣಿ ಮುದ್ದಿ ಐತಿ ನಿನ್ನ ಮಗಳು. ನೀ ಹುಟ್ಟಿದಾಗ ಒಣ ಕಟಗಿ ಇದ್ದಿ, ಎಣ್ಣಿ ಕುಡಿಸಿ ಕುಡಿಸಿ ನನ್ನ ಕೈ ಸೋತಿದ್ದು," ಎಂದು ಬಾಣಂತಿಯ ನೀರು ತೋಡಲು ಬಚ್ಚಲಿಗೆ ಹೋದಳು. ಅಜ್ಜಿ ದೇವರ ಮನೆಯಲ್ಲಿದ್ದಳು. ಪದ್ಮಶ್ರೀ ಪಡಸಾಲೆಯ ಗೂಡಿನಿಂದ ಸಾಣೆಕಲ್ಲು ಇಳಿಸಿ, ಕಾಸಿ ಆರಿಸಿದ ನೀರು ಬಿಟ್ಟು ತೇದಳು. ಬಜೆ ಮೂರು. ಅರಿಷಿಣ ಐದು. ಅಳಲೆಕಾಯಿ ಎರಡು. ಜಾಯಿಕಾಯಿ ಒಂದು. ಕೂಸಿಗೆ ಕುಡಿಸಿ, ತೊಟ್ಟಿಲಲ್ಲಿ ಮಲಗಿಸಿ, ಕಲ್ಲು ತೊಳೆದು, ಇದ್ದ ಜಾಗದಲ್ಲೇ ಇಟ್ಟಳು.

"ಬಾ ತಂಗೀ, ನೀರು ಆರತಾವ!" ಬಚ್ಚಲಿನಿಂದ ಮಾಳವ್ವ ಕೂಗಿದಳು.

ಹೋಗುವಾಗ ದೇವರ ಮನೆಯ ಬಾಗಿಲಲ್ಲಿ ನಿಂತಳು. ಅಜ್ಜಿಯ ತುಟಿ ಅಲುಗುತ್ತಿತ್ತು. ಕಣ್ಣು ಮುಚ್ಚಿತ್ತು. ಬಾಯಲ್ಲಿ ಹೆಸರಿದ್ದಾಗ ಮಾತಾಡಿಸಬಾರದು. ಬಂದು ಹೇಳಿದರಾಯಿತೆಂದು ಪದ್ಮಶ್ರೀ ಮುಂದೆ ನಡೆದಳು. ಮಾಳವ್ವ ಎಣ್ಣೆ ತಿಕ್ಕಿ, ಸೊಂಟಕ್ಕೆ ತಂಬಿಗೆ ತಂಬಿಗೆ ಸುಡು ಸುಡು ನೀರು ಹೊಡೆದು ಕಳಿಸುವಷ್ಟರಲ್ಲಿ ಅರ್ಧ ಗಂಟೆಯೇ ಆಗಿತ್ತು.

ಹೊರಗೆ ಬಂದಾಗ ಕೂಸು ತೊಟ್ಟಿಲಲ್ಲಿ ಮಲಗಿತ್ತು. ತುಟಿಯ ಮೂಲೆಯಲ್ಲಿ ಒಂದಿಷ್ಟು ಕಂದು. ತಾನು ಒರೆಸಿದ್ದೆನೋ ಇಲ್ಲವೋ? ಅಜ್ಜಿ ಅಡುಗೆಮನೆಯಲ್ಲಿ ಮೆಣಸು ಕುಟ್ಟುತ್ತಿದ್ದಳು. ಕೇಳಬೇಕೆಂದು ಹೋದಳು.

"ತಲಿ ಒಣಗಿಸ್ಕೊ ಮದಲ, ಗಾಳಿಗೆ ಬರಬ್ಯಾಡ," ಎಂದಳು ಅಜ್ಜಿ, ತಿರುಗಿ ನೋಡದೆ.

ಪದ್ಮಶ್ರೀ ತಲೆ ಒಣಗಿಸಿಕೊಳ್ಳಲು ಹೋದಳು.

ಹನ್ನೆರಡಕ್ಕೆ ಹಾಲಿಗೆ ಏಳಬೇಕಾದ ಕೂಸು ಏಳಲಿಲ್ಲ. ಒಂದಕ್ಕೂ ಏಳಲಿಲ್ಲ. ಪದ್ಮಶ್ರೀಯ ಎದೆ ಕಲ್ಲಾಗಿ ಕುಪ್ಪಸ ತೊಯ್ಯತೊಡಗಿತು. ಅಂಗಾಲಿಗೆ ಬೆರಳಿನಿಂದ ಚಟ್ಟನೆ ಹೊಡೆದಳು. ಕೂಸು ಒಂದಿಷ್ಟು ಮೂಗು ಅರಳಿಸಿ ಮತ್ತೆ ಮಂಪರಿಗೆ ಜಾರಿತು. ಎತ್ತಿಕೊಂಡರೆ ಕೈ ಎರಡೂ ಒದ್ದೆ ಅರಿವೆಯಂತೆ ಜೋತುಬಿದ್ದವು.

"ಅಜ್ಜೀ!"

ಅಜ್ಜಿ ಬಂದಳು. ಕೂಸಿನ ಹಣೆ ಮುಟ್ಟಿದಳು, ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. ಅವಳ ಮುಖದ ಬಣ್ಣ ಹೋಯಿತು. "ಗುರ್‍ಯಾಗ ಫೋನ ಮಾಡು. ಲಗೂ," ಎಂದಳು.

ಗುರುರಾಜ ಅಂಗಡಿ ಹಾಗೇ ಬಿಟ್ಟು ಆಟೋ ತಂದ. ದವಾಖಾನೆಯಲ್ಲಿ ಡಾಕ್ಟರಮ್ಮ ಕೂಸಿನ ಎದೆಗೆ ಕೊಳವೆ ಇಟ್ಟು, ಬೆರಳಿಗೆ ಸಣ್ಣದೊಂದು ಚಿಮುಟ ಹಾಕಿ, ಅದರ ಮೇಲೆ ಮೂಡುವ ಅಂಕಿಯನ್ನೇ ನೋಡುತ್ತ ನಿಂತಳು. ಆಮೇಲೆ ಕೇಳಿದಳು: "ಏನರ ತೇದು ಹಾಕೀರೇನು?"

ಪದ್ಮಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಗುರುರಾಜ, "ನಮ್ಮವ್ವ ಹಾಕ್ತಾಳ್ರಿ, ಜಾಯಿಕಾಯಿ ಅದು ಇದು," ಎಂದ. "ವಯಸ್ಸಾಗೇದರಿ ಆಕಿಗೆ. ಲೆಕ್ಕ ತಪ್ಪಿರಬೇಕು."

"ಲೆಕ್ಕದ ಮಾತಲ್ಲರಿ ಇದು. ಇಷ್ಟ ಸಣ್ಣ ಕೂಸಿಗೆ ಜಾಯಿಕಾಯಿ ಒಂದು ಸುತ್ತೂ ಬ್ಯಾಡ. ಬಜಿ ಬ್ಯಾಡ, ಏನೂ ಬ್ಯಾಡ. ಆರು ತಿಂಗಳತನಕ ತಾಯಿ ಹಾಲು, ಅಷ್ಟಽ." ಡಾಕ್ಟರಮ್ಮ ಪದ್ಮಶ್ರೀಯ ಕಡೆ ತಿರುಗಿದಳು. "ನೀವು ಕಲ್ತವರಿದ್ದೀರಿ. ನೋಡ್ಬಾರದೇನು?"

"ನೋಡ್ತಿದ್ದೆರಿ," ಎಂದಳು ಪದ್ಮಶ್ರೀ. ಅಷ್ಟೇ ಬಂತು. ಅಪ್ಪನ ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು. ಈಗ ಬೇಡ, ಕೂಸು ಏಳಲಿ, ಎಂದುಕೊಂಡಳು.

ನಾಲ್ಕೂವರೆಗೆ ಕೂಸು ಎದ್ದು ಅತ್ತಿತು. ಆ ಅಳು ಕೇಳಿ ಗುರುರಾಜ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಕತ್ತಲಾಗುವ ಮೊದಲೇ ಮನೆಗೆ ಕಳಿಸಿದರು. ಅಜ್ಜಿ ಹೊಸ್ತಿಲಲ್ಲೇ ಕೂತಿದ್ದಳು. ಕೂಸಿನ ಮುಖ ನೋಡಿ, ಮುಟ್ಟಲೆಂದು ಕೈ ಚಾಚಿ, ಮತ್ತೆ ಸೆರಗಿನೊಳಗೆ ಎಳೆದುಕೊಂಡಳು.

ಗುರುರಾಜ ಕೂಗಾಡಲಿಲ್ಲ. ಪದ್ಮಶ್ರೀ ಅಂಜಿದ್ದಕ್ಕಿಂತ ಅದು ಕೆಟ್ಟದಾಗಿತ್ತು. ಸಾಣೆಕಲ್ಲನ್ನೂ ಬೇರುಗಳ ಡಬ್ಬಿಯನ್ನೂ ಹಳೆಯ ಪಂಚೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟು, ಕೈ ಜಾಡಿಸಿಕೊಂಡು, "ಸಾಕು ಇನ್ನ ಅವ್ವಾ. ಭಾಳ ದಿನಾ ಮಾಡ್ದಿ. ಆರಾಮ ಕೂಡು," ಎಂದ. ಅಜ್ಜಿ ತಲೆ ಅಲ್ಲಾಡಿಸಿದಳು, ಆಯಿತು ಎಂಬಂತೆ.

ಅಂದಿನಿಂದ ಅವಳು ಆರಾಮ ಕೂತಳು. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಕೈ ತೊಡೆಯ ಮೇಲಿಟ್ಟುಕೊಂಡು. ಅವ್ವ ರಜೆ ಹಾಕಿ ಎರಡು ದಿನ ಅಡುಗೆ ಮಾಡಿದಳು, ಆಮೇಲೆ ಬೆಳಿಗ್ಗೆಯೇ ಮಾಡಿಟ್ಟು ಸಾಲೆಗೆ ಹೋಗತೊಡಗಿದಳು. ಸಾರು ಸಾರಿನಂತೆಯೇ ಇತ್ತು. ಮೂಗಿನಲ್ಲಿ ನೀರು ಬರುತ್ತಿರಲಿಲ್ಲ. "ಉಪ್ಪು ಸರಿ ಅದ ಏನು ನೋಡ್ರಿ ಅತ್ತಿ," ಎಂದು ಅವ್ವ ಸೌಟು ಹಿಡಿದು ಬಂದರೆ, "ನೀನಽ ನೋಡವಾ. ನನ್ನ ನಾಲಿಗಿ ಮ್ಯಾಲ ಭರೋಸಾ ಇಲ್ಲ," ಎನ್ನುತ್ತಿದ್ದಳು. ನರಗುಂದದಿಂದ ಗಂಡ ವಿಜಯೇಂದ್ರ ಫೋನು ಮಾಡಿ, ಬರುವ ರವಿವಾರ ಕಾರು ತರುತ್ತೇನೆ, ಉಳಿದ ಬಾಣಂತನ ಇಲ್ಲೇ ಆಗಲಿ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದಾರೆ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಎಚ್ಚರವಿತ್ತು. "ಅಜ್ಜೀದ ತಪ್ಪಲ್ಲ, ವಯಸ್ಸು," ಎಂದೂ ಸೇರಿಸಿದ. ಪದ್ಮಶ್ರೀ, "ಹ್ಞೂಂ," ಎಂದಳು.

ಆ ಹ್ಞೂಂ ಅವಳನ್ನು ಬಿಡಲಿಲ್ಲ. ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕೋಣೆಗೆ. ಅಜ್ಜಿ ಆ ದಿನ ತೇದಳೋ ಇಲ್ಲವೋ ಎಂಬುದೂ ತನಗೆ ಗೊತ್ತಿಲ್ಲ. ತೇದಿದ್ದರೆ ತನ್ನದೂ ಅವಳದೂ ಸೇರಿ ಎರಡಾಯಿತು. ತೇಯದೇ ಇದ್ದರೆ ಕೂಸನ್ನು ಮಲಗಿಸಿದ್ದು ತನ್ನ ಕೈಯೇ. ಯಾವ ದಾರಿಯಿಂದ ಹೋದರೂ ಅದು ತನ್ನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ರವಿವಾರ ಕಾರು ಹತ್ತಿದರೆ ಮುಗಿಯಿತು. ಗಂಗಾಬಾಯಿಯ ಕೈ ಸುಳ್ಳಾಯಿತು ಎಂಬುದೇ ಈ ಓಣಿಯಲ್ಲಿ ಉಳಿಯುತ್ತದೆ.

ಶನಿವಾರ ಅವ್ವನಿಗೆ ಬೆಳಗಿನ ಸಾಲೆ. ಏಳಕ್ಕೇ ಹೋಗಿದ್ದಳು. ಒಂಬತ್ತರ ಹೊತ್ತಿಗೆ ಎದುರು ಮನೆಯ ಮಗ್ಗ ನಿಂತಿತು. ಮಹಮ್ಮದಸಾಬ ಲುಂಗಿಯ ಮೇಲೆ ಹತ್ತಿದ ನೂಲಿನ ಎಳೆ ಕೊಡವುತ್ತ ಬಾಗಿಲಿಗೆ ಬಂದ.

"ಬಾಯಾರ, ಮೊಮ್ಮಗಳಿಗೆ ಕೆಮ್ಮ ನಿಂದರವಲ್ದು. ದವಾಖಾನಿಯಾಗ ಎದಿ ಸ್ವಚ್ಛ ಐತಿ ಅಂದ್ರು, ಬಾಟ್ಲಿ ಕೊಟ್ರು. ಮುಗೀತು, ಕೆಮ್ಮ ಹಂಗಽ ಐತಿ. ನಿಮ್ಮ ಜೇಷ್ಠಮಧು ಒಂದೀಟು ತೇದು ಕೊಟ್ರ..."

ಅಜ್ಜಿ ಕಂಬದ ಹತ್ತಿರದಿಂದ ಅಲುಗಲಿಲ್ಲ. "ಇಲ್ಲೋ ಮಹಮ್ಮದಸಾಬ. ಬಿಟ್ಟೀನಿ."

"ಬಿಟ್ಟೀರಿ? ಯಾಕ್ರಿ?"

"ಕೈ ಸುಳ್ಳಾತು."

ಮಹಮ್ಮದಸಾಬ ನಗಲು ನೋಡಿದ. "ನಿಮ್ಮ ಕೈ ಸುಳ್ಳಾದ್ರ ನನ್ನ ಮಗ್ಗ ಸುಳ್ಳ, ಗುಡ್ಡದ ಮ್ಯಾಲಿನ ಕೋಟಿ ಸುಳ್ಳ! ಯಾರಂದ್ರು?"

ಅವನು ಪದ್ಮಶ್ರೀಯ ಮುಖ ನೋಡಿದ. ಅವಳು ಕೂಸಿನ ದುಪ್ಪಟಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಇರ್ಲಿ ಬಿಡ್ರಿ," ಎಂದು ಅವನು ಮೆಲ್ಲಗೆ ಮೆಟ್ಟಿಲಿಳಿದ. ಓಣಿಯ ಆಚೆಯಿಂದ ಹುಡುಗಿಯ ಕೆಮ್ಮು ಕೇಳಿತು. ಮಗ್ಗ ಮತ್ತೆ ಶುರುವಾಗಲಿಲ್ಲ.

ಆ ಸದ್ದಿಲ್ಲದ ಪಡಸಾಲೆಯಲ್ಲಿ ಪದ್ಮಶ್ರೀಗೆ ನಿಲ್ಲಲಾಗಲಿಲ್ಲ. ಅಜ್ಜಿಯ ಎದುರು ನೆಲದ ಮೇಲೆ ಕೂತಳು.

"ಅಜ್ಜಿ, ಅವತ್ತ ನಾ ತೇದು ಕುಡಿಸಿದ್ದೆ. ನೀ ದೇವರ ಮನ್ಯಾಗ ಇದ್ದಾಗ. ನಿನಗ ಹೇಳಲಿಲ್ಲ."

ಅಜ್ಜಿ ಅವಳನ್ನು ನೋಡಿದಳು.

"ನಿನ್ನ ಲೆಕ್ಕ ತಪ್ಪಲಿಕ್ಹತ್ತದ ಅಂತ ಅನಿಸಿತ್ತು ನನಗ. ಅದರ ಹಿಂದಿನ ದಿನಾ ಜಾಯಿಕಾಯಿ ಐದು ಸುತ್ತು ಕೇಳಿಸ್ತು. ಅದಕ್ಕ ನಾನಽ ಮಾಡಿದೆ. ಬಚ್ಚಲದಿಂದ ಬಂದು ಹೇಳಬೇಕಂದೆ, ಆಗ್ಲಿಲ್ಲ. ದವಾಖಾನ್ಯಾಗೂ ಹೇಳಲಿಲ್ಲ." ಅವಳು ಇನ್ನಷ್ಟು ಹತ್ತಿರ ಸರಿದಳು. "ನೀನೂ ಹಾಕಿದ್ದಿ ಏನಜ್ಜಿ ಅವತ್ತ?"

ಅಜ್ಜಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಹೆಬ್ಬೆರಳಿನ ಪಕ್ಕದಲ್ಲಿ, ವರ್ಷಗಟ್ಟಲೆ ತೇದು ತೇದು, ಹಳದಿ ಬಣ್ಣ ಚರ್ಮದೊಳಗೇ ಇಳಿದಿತ್ತು.

"ಕಲ್ಲು ಹಸಿ ಇತ್ತು," ಎಂದಳು ಕೊನೆಗೆ.

"ಏನು?"

"ದೇವರ ಮನಿಯಿಂದ ಬಂದು ಕಲ್ಲು ತಗೊಂಡ್ನೆಲಾ, ಹಸಿ ಇತ್ತು. ಈಗಷ್ಟ ತೊಳದಂಗ. ನಾ ಅಂದ್ಕೊಂಡೆ, ನಾನಽ ತೇದು, ಕುಡಿಸಿ, ತೊಳದಿಟ್ಟು ಮರತೀನಿ ಅಂತ." ಅವಳು ನಿಂತು ನಿಂತು ಮಾತಾಡುತ್ತಿದ್ದಳು. "ನಿನ್ನ ಕೇಳಬೇಕಿತ್ತು. ಬಚ್ಚಲ ಬಾಗಿಲಿಗೆ ಬಂದೂ ಬಂದೆ. ಒಳಗ ಮಾಳವ್ವ ಇದ್ಲು. 'ಏ ಪದ್ಮಿ, ನಾ ಕೂಸಿಗೆ ಹಾಕಿದ್ನೇನ' ಅಂತ ಆಕಿ ಮುಂದ ಹ್ಯಾಂಗ ಕೇಳ್ಲಿ? ಸಂಜಿಗೆ ಓಣಿ ತುಂಬ ಆಗ್ತಿತ್ತು, ಗಂಗಾಬಾಯಿ ತಲಿ ಹೋತು ಅಂತ. ಮರತಿಲ್ಲ, ನಾ ಏನೂ ಮರತಿಲ್ಲ ಅಂತ ನನಗ ನಾನಽ ಅಂದ್ಕೊಂಡು ತೇದೆ. ಹಸಿ ಕಲ್ಲಿನ ಮ್ಯಾಲ."

ಪದ್ಮಶ್ರೀ ಕಲ್ಲಿಲ್ಲದ ಗೂಡಿನ ಕಡೆ ನೋಡಿದಳು.

"ಅವತ್ತ ಜಾಯಿಕಾಯಿ ಒಂದಽ ಸುತ್ತು. ಕೇಶವ ಅಂದು ತೆಗದೀನಿ. ಅದು ಖರೇ."

"ಅದರ ಹಿಂದಿನ ದಿನದ್ದು?"

"ಅದನ್ನ ಹ್ಯಾಂಗ ಹೇಳ್ಲಿ? ಅರಿಷಿಣ ಇದ್ದೀತು. ಜಾಯಿಕಾಯಿನೂ ಇದ್ದೀತು." ಅಜ್ಜಿ ಸಣ್ಣಗೆ ನಕ್ಕಳು, ಯಾರದೋ ತಪ್ಪನ್ನು ಹಿಡಿದವಳಂತೆ. "ಮರೀತೀನವಾ. ಮಾಳವ್ವ ಬಂದು ಹೋದದ್ದು ಮರೀತೀನಿ. ನಿಮ್ಮಜ್ಜಾ ತೀರಿಕೊಂಡ ವಾರ ಯಾವುದು ಅಂತ ಮೊನ್ನಿ ನೆನಪಾಗ್ಲಿಲ್ಲ. ಉಪ್ಪು ಎರಡು ಸಲ ಬಿದ್ದದ್ದು, ನೀ ತುಪ್ಪ ಹಾಕ್ಸಿಕೊಂಡು ಉಂಡದ್ದು, ಅದು ಮಾತ್ರ ನೆನಪದ."

ಪದ್ಮಶ್ರೀಯ ಮುಖ ಬಿಸಿಯಾಯಿತು. "ಅಪ್ಪ ಬಂದ ಕೂಡ್ಲೇ ಹೇಳ್ತೀನಿ. ನರಗುಂದಕ್ಕೂ ಫೋನ ಮಾಡಿ ಹೇಳ್ತೀನಿ."

"ಹೇಳಬ್ಯಾಡ ಅನ್ನಂಗಿಲ್ಲ ನಾ," ಎಂದಳು ಅಜ್ಜಿ.

ಎದುರು ಮನೆಯ ಕೆಮ್ಮು ಮತ್ತೆ ಕೇಳಿತು. ಒಣ ಕೆಮ್ಮು, ಕೊನೆಗೆ ಎಳೆಯುವಂಥದ್ದು. ಅಜ್ಜಿಯ ತಲೆ ಆ ಕಡೆ ತಿರುಗಿತು. ಕೆಮ್ಮು ನಿಲ್ಲುವವರೆಗೂ ಕೇಳಿದಳು.

"ಅಟ್ಟದ ಮ್ಯಾಲ ನಿನಗ ನಿಲುಕ್ತದೇನು?"

ಪದ್ಮಶ್ರೀ ಸ್ಟೂಲು ಹತ್ತಿ ಗಂಟು ಇಳಿಸಿದಳು. ಅಜ್ಜಿ ಪಂಚೆ ಬಿಚ್ಚಿದಳು. ಡಬ್ಬಿಯಲ್ಲಿ ಬೆರಳಾಡಿಸಿ ಜಾಯಿಕಾಯಿ ತೆಗೆದು ನೋಡಿದಳು. ಒಂದು ಕಡೆ ಸವೆದು ಚಪ್ಪಟೆಯಾಗಿತ್ತು. ಅದನ್ನೂ ಬಜೆಯನ್ನೂ ಪಂಚೆಯ ಮೂಲೆಗೆ ಬೇರೆಯಾಗಿ ಕಟ್ಟಿ ಪದ್ಮಶ್ರೀಯ ಕೈಗೆ ಕೊಟ್ಟಳು. "ಇದು ಅಲ್ಲೇ ಇರ್ಲಿ," ಎಂದು ಅಟ್ಟದ ಕಡೆ ಗಲ್ಲ ಎತ್ತಿದಳು.

ಅಂಗೈಯಿಂದ ಕಲ್ಲು ಸವರಿ ನೋಡಿದಳು. ಒಣಗಿತ್ತು. ನೀರು ಬಿಟ್ಟು, ಜೇಷ್ಠಮಧುವಿನ ಕಡ್ಡಿ ಇಟ್ಟು, ಒಂದು ಕ್ಷಣ ತಡೆದಳು. ನೀರು ಕಲ್ಲಿನ ತಗ್ಗಿನಲ್ಲಿ ನಿಂತಿತ್ತು.

"ಕೇಶವ," ಎಂದಳು, ಗಟ್ಟಿಯಾಗಿ.

ಪದ್ಮಶ್ರೀ ಬೆಚ್ಚಿದಳು. ಅಜ್ಜಿಯ ಎಣಿಕೆಯನ್ನು ಅವಳು ಕೇಳಿದ್ದು ಅದೇ ಮೊದಲು.

"ನಾರಾಯಣ. ಮಾಧವ. ಗೋವಿಂದ." ಕಡ್ಡಿ ಸುತ್ತುತ್ತಿತ್ತು. ನೀರು ಹಾಲಿನಂತೆ ಮಸುಕಾಗತೊಡಗಿತು. "ವಿಷ್ಣು. ಮಧುಸೂದನ."

ಕೈ ನಿಂತಿತು. ಅಜ್ಜಿ ಕಲ್ಲನ್ನೇ ನೋಡುತ್ತಿದ್ದಳು. ತುಟಿ ಅರ್ಧ ತೆರೆದಿತ್ತು. ಮುಂದಿನ ಹೆಸರು ಪದ್ಮಶ್ರೀಯ ನಾಲಿಗೆಯ ತುದಿಯಲ್ಲಿತ್ತು. ಅವಳು ಅದನ್ನು ಅಲ್ಲೇ ಹಿಡಿದು ಕೂತಳು. ಒಳಗೆ ತೊಟ್ಟಿಲಲ್ಲಿ ಕೂಸು ಎದ್ದು, ಹಾಲಿಗೆಂದು ಸಣ್ಣಗೆ ಕುಂಯ್‌ಗುಟ್ಟಿತು. ಇಬ್ಬರೂ ಕೇಳಿದರು. ಇಬ್ಬರೂ ಏಳಲಿಲ್ಲ.

ಕಡ್ಡಿಯ ತುದಿಯಿಂದ ಒಂದು ಹನಿ ಕಲ್ಲಿನ ಮೇಲೆ ಜಾರಿ, ಅಂಚಿನವರೆಗೆ ಹೋಗಿ, ಅಲ್ಲೇ ನಿಂತಿತು.

"ತ್ರಿವಿಕ್ರಮ," ಎಂದಳು ಅಜ್ಜಿ.